ಚಾರ್ಜರಿಗೆ ಊದುಬತ್ತಿ

ಪೀಣ್ಯದ ಶೆಡ್ಡು. ಫೋರ್ಕ್‌ಲಿಫ್ಟ್ ಚಾರ್ಜರಿನ ವೈರಿನ ಜಾಯಿಂಟಿಗೆ ಸುತ್ತಿದ್ದ ಟೇಪು ಕರಗಿ ಬೆಲ್ಲದ ಪಾಕದಂತೆ ಇಳಿದಿತ್ತು. ವೈರಿಂಗ್ ಮೇಸ್ತ್ರಿ ಅದನ್ನು ಯಜಮಾನರಿಗೆ ತೋರಿಸಿದ.

"ಸಾರ್, ಇದು 415 ವೋಲ್ಟಿನ ತ್ರೀ ಫೇಸು. ಆರ್ಮರ್ಡ್ ಕೇಬಲ್ ಎಳೆದು, ಗ್ಲ್ಯಾಂಡ್ ಬಿಗಿದು, ಬೇರೆ ಬ್ರೇಕರ್ ಕೊಡೋಣ."

"ಗಣೇಶನ ಪೆಂಡಾಲಿನ ವೈರು ಉಳಿದಿದೆಯಲ್ಲಪ್ಪ. ಹನ್ನೊಂದು ದಿನ ಸೀರಿಯಲ್ ಸೆಟ್ ಉರೀತು, ಏನಾಯ್ತು?"

"ನೆಲದ ಮೇಲಿದ್ರೆ ಫೋರ್ಕ್‌ಲಿಫ್ಟ್ ಹತ್ತಿಸ್ತಾರೆ ಸಾರ್."

"ಹತ್ತಿಸಬೇಡಿ ಅಂತ ಬೋರ್ಡ್ ಇಡು."

"ಇಟ್ಟಿದ್ದೆ. ಅದರ ಮೇಲೂ ಹತ್ತಿಸಿದ್ರು."

"ಅರ್ಥಿಂಗ್ ಇದೆ ತಾನೆ?"

"ನಲ್ಲಿ ಪೈಪಿಗೆ ಕಟ್ಟಿದ್ದಾರೆ. ಗೋಡೆಯಾಚೆ ಪೈಪು ಪಿವಿಸಿ."

"ಮತ್ತೇನಯ್ಯ?"

"ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ. ಗಾಳೀಲಿ ನೂರಕ್ಕೆ 4 ಪಾಲಾದ್ರೆ ಒಂದು ಕಿಡಿ ಸಾಕು. ಮೇಲಿನ ಕಿಟಕಿ ತೆಗೆಸಿ."

"ವಾಸ್ತು ಪ್ರಕಾರ ಮುಚ್ಚಿಸಿದ್ದು. ದೇವರಿದ್ದಾನೆ ಬಿಡು."

ಯಜಮಾನರು ಬ್ಯಾಟರಿಗೆ ಕೈಮುಗಿದು, ಊದುಬತ್ತಿ ಹಚ್ಚಲು ಬೆಂಕಿಪೊಟ್ಟಣ ತೆಗೆದರು. ಮೇಸ್ತ್ರಿ ಚಪ್ಪಲಿ ಬಿಟ್ಟೇ ಓಡಿದ.