ಕಾರಿಗೆ ಲಕ್ವಾ

ವಾಹನದ ದೀಪದ ವಿಷಯದಲ್ಲಿ ನಮ್ಮ ಕಣಗಲಾ ಕಡೆಯವರಷ್ಟು ಉದಾರಿಗಳು ಬೇರೆ ಕಡೆ ಸಿಗುವುದು ಕಷ್ಟ. ದಸರೆ ದಾಟಿ ಕಬ್ಬಿನ ಸೀಸನ್ ಶುರುವಾಯಿತೆಂದರೆ ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಯ ಕಡೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹೊರಡುತ್ತವೆ. ಮುಂದೆ ಎರಡೂ ದೀಪ ಉರಿಯುತ್ತಿದ್ದರೆ ಅದು ಸ್ಥಿತಿವಂತರ ಟ್ರ್ಯಾಕ್ಟರು. ಹಿಂದೆ ದೀಪ ಇರುವುದಿಲ್ಲ, ಹಾಡು ಇರುತ್ತದೆ. ಹಿಂದಿನಿಂದ ಬರುವವರು ಹಾಡು ಕೇಳಿಯೇ ಬ್ರೇಕ್ ಹಾಕಬೇಕು. ಪಲ್ಲವಿಯ ಮಾತು ಬಿಡಿಬಿಡಿಯಾಗಿ ತಿಳಿಯತೊಡಗಿತೆಂದರೆ ಟ್ರೇಲರ್ ತೀರ ಹತ್ತಿರ ಬಂತು ಎಂದರ್ಥ.

ಇಷ್ಟಾಗಿಯೂ ದೀಪದ ಬಗ್ಗೆ ಕಳಕಳಿ ಇಲ್ಲವೆನ್ನುವಂತಿಲ್ಲ. 2017ರ ಏಪ್ರಿಲ್‌ನಿಂದ ಹೊಸ ಬೈಕುಗಳ ಹೆಡ್‌ಲೈಟು ಹಗಲೂ ಉರಿಯಲೇಬೇಕೆಂದು ಸರಕಾರ ನಿಯಮ ಮಾಡಿತಲ್ಲ, ಆಗ ನಮ್ಮ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರಿಗೆ ಕೈತುಂಬ ಕೆಲಸ ಸಿಕ್ಕಿತು. ಬಂದ ಬಂದ ಬೈಕಿಗೆಲ್ಲ ಬೆರಳು ಕೂಡಿಸಿ ಬಿಡಿಸಿ, ‘ಲೈಟ್ ಹತ್ತೇತಿ’ ಎಂದು ಸನ್ನೆ ಮಾಡುವುದು. ಸವಾರ ‘ಅದು ಆರೂದಿಲ್ರೀ’ ಎಂದು ಕೂಗುತ್ತ ಹೋಗುವುದು. ಆರದ ದೀಪವೊಂದು ಇರಬಹುದೆಂದು ಒಪ್ಪಿಕೊಳ್ಳಲು ಕಟ್ಟೆಯವರಿಗೆ ಒಂದು ವರ್ಷವೇ ಹಿಡಿಯಿತು.

ಅಂಥ ಊರಿಗೆ ದೀಪವನ್ನು ಬಚ್ಚಿಟ್ಟುಕೊಳ್ಳುವ ಕಾರು ಬಂತು.

ತಂದವನು ನನ್ನ ಅಕ್ಕನ ಮಗ. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ಒಳ್ಳೆ ಸಂಬಳ, ಮದುವೆ ಇನ್ನೂ ಇಲ್ಲ. ಈ ಮೂರೂ ಕೂಡಿದರೆ ಹುಚ್ಚು ಹಿಡಿಯಲು ಬೇರೆ ಕಾರಣ ಬೇಕಾಗುವುದಿಲ್ಲ. ಕೊಂಡದ್ದು ಜಪಾನಿನ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ತೊಂಬತ್ತರ ದಶಕದ ಆರಂಭದ್ದು. ಯಾರೋ ಸಿಂಗಪುರ ಬಿಟ್ಟು ಊರಿಗೆ ಮರಳುವಾಗ ಮನೆಸಾಮಾನಿನ ಸಂಗಡ ತಂದದ್ದಂತೆ. ಕಂಪನಿಯ ಹೆಸರು ಹೇಳುವುದಿಲ್ಲ; ಮೂವತ್ತು ವರ್ಷ ಓಡಿದ ಗಾಡಿಗೆ ಮುಪ್ಪಿನಲ್ಲಿ ಬಂದ ರೋಗಕ್ಕೆ ಹೆತ್ತವರನ್ನು ದೂರುವುದು ನ್ಯಾಯವಲ್ಲ. ಹಗಲಿನಲ್ಲಿ ಅದರ ಮೂತಿ ನೋಡಿದರೆ ದೀಪದ ಸುಳಿವೇ ಇಲ್ಲ, ಬಾನೆಟ್ಟು ನುಣ್ಣಗೆ ಇಳಿದು ಬಂಪರಿಗೆ ಸೇರಿಬಿಡುತ್ತದೆ. ಸ್ವಿಚ್ ತಿರುಗಿಸಿದರೆ ಎರಡು ಮೂಲೆಗಳ ಮುಚ್ಚಳ ಎದ್ದು, ಅವುಗಳ ಕೆಳಗಿಂದ ದೀಪ ಇಣುಕುತ್ತವೆ.

ಇಣುಕಬೇಕು. ಆ ಸಂಜೆ ನಿಪ್ಪಾಣಿ ದಾಟಿ ತವಂದಿ ಘಾಟು ಏರುವಾಗ ಕತ್ತಲಾಯಿತು, ಹುಡುಗ ಸ್ವಿಚ್ ತಿರುಗಿಸಿದ. ಬಲಗಡೆಯದು ಎದ್ದಿತು. ಎಡಗಡೆಯದು ಅರ್ಧ ಎದ್ದು ಅಲ್ಲೇ ನಿಂತಿತು. ಅರ್ಧ ಎದ್ದ ದೀಪದ ಬೆಳಕು ರಸ್ತೆಯ ಮೇಲೆ ಬೀಳುವುದಿಲ್ಲ, ಸ್ವಂತ ಬಂಪರಿನ ಮೇಲೆ ಬೀಳುತ್ತದೆ. ಬಂಪರನ್ನೇ ಬೆಳಗಿಕೊಳ್ಳುತ್ತ ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತು.

ನಮ್ಮ ಅವ್ವ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಮೊಮ್ಮಗನ ಮುಖ ನೋಡಲಿಲ್ಲ, ಕಾರಿನದನ್ನೇ ನೋಡಿದಳು.

‘ಏನಾಗೇತೋ ಇದಕ್ಕ? ಮಾರಿಗೆ ಲಕ್ವಾ ಹೊಡದೈತೇನು?’

ಒಂದು ಕಣ್ಣು ತೆರೆದು, ಒಂದು ಅರೆಮುಚ್ಚಿ, ಮೂತಿ ಒಂದು ಕಡೆ ಸೊಟ್ಟಗಾದದ್ದಕ್ಕೆ ಅದಕ್ಕಿಂತ ಸರಿಯಾದ ಹೆಸರು ಆಮೇಲೂ ಯಾರಿಗೂ ಹೊಳೆಯಲಿಲ್ಲ.

ಊಟವಾದ ಮೇಲೆ ಹುಡುಗನಿಂದ ನನಗೆ ಪಾಠವಾಯಿತು. ಜೀವಮಾನವಿಡೀ ಪಾಠ ಹೇಳಿದವನಿಗೆ ಕೇಳಿಸಿಕೊಳ್ಳುವುದು ಕಷ್ಟವೇ, ಆದರೆ ಕಥೆ ಸ್ವಾರಸ್ಯವಾಗಿತ್ತು. ಇಂಥ ದೀಪ ಹೆಸರು ಮಾಡಿದ್ದು ಅಮೆರಿಕದ ಕಾರ್ಡ್ 810 ಎಂಬ ಕಾರಿನಲ್ಲಿ, 1936ರಲ್ಲಿ. ಅದಕ್ಕೆ ಮೋಟಾರು ಇರಲಿಲ್ಲ. ಡ್ಯಾಶ್‌ಬೋರ್ಡಿನ ಆ ತುದಿಗೊಂದು ಈ ತುದಿಗೊಂದು ಹಿಡಿಕೆ. ಒಂದೊಂದು ಹಿಡಿಕೆ ತಿರುಗಿಸಿದರೆ ಒಂದೊಂದು ದೀಪ ಹೊರಬರುತ್ತದೆ. ಅಂದರೆ ಗಂಡ ತನ್ನ ಕಡೆಯದನ್ನು ತಿರುಗಿಸಿದರೆ ಹೆಂಡತಿ ತನ್ನ ಕಡೆಯದನ್ನು ತಿರುಗಿಸಬೇಕು. ಮುನಿಸಿಕೊಂಡು ಹೊರಟ ದಂಪತಿಗಳ ಕಾರನ್ನು ಆ ದೇಶದ ಪೊಲೀಸರು ದೂರದಿಂದಲೇ ಗುರುತಿಸುತ್ತಿದ್ದಿರಬೇಕು. 1962ರಲ್ಲಿ ಬಂದ ಇಂಗ್ಲೆಂಡಿನ ಲೋಟಸ್ ಎಲಾನ್ ಕಾರಿನಲ್ಲಿ ದೀಪ ಎತ್ತುತ್ತಿದ್ದದ್ದು ಎಂಜಿನ್ನಿನ ನಿರ್ವಾತ. ಪೈಪಿನಲ್ಲಿ ಎಲ್ಲಾದರೂ ಗಾಳಿ ಸೋರಿತೋ, ದೀಪ ಜೋಲು ಬಿತ್ತು.

‘ಅಲ್ಲೋ, ಇಷ್ಟೆಲ್ಲ ರಗಳೆ ಮಾಡ್ಕೊಳ್ಳೂಕಿಂತ ಎಲ್ಲಾರ ಕಾರಿನ ಹಂಗ ಮುಂದ ದೀಪ ಹಚ್ಚಿ ಬಿಡಬಾರದಾಗಿತ್ತೇನು?’ ಎಂದೆ.

‘ಮಾಮಾ, ಕಾಯ್ದೆ ಬಿಡಲಿಲ್ಲ.’

ಇಲ್ಲಿಂದ ನನಗೆ ನಿಜವಾದ ಆಸಕ್ತಿ ಬಂತು. 1940ರಿಂದ ಅಮೆರಿಕದಲ್ಲಿ ಎಲ್ಲ ಕಾರಿಗೂ ಗೊತ್ತಾದ ಅಳತೆಯ, ಗಾಜಿನೊಳಗೇ ಸೀಲು ಮಾಡಿದ ದೀಪವೇ ಆಗಬೇಕೆಂದಿತ್ತು. ನೆಲದಿಂದ ಇಷ್ಟು ಎತ್ತರದಲ್ಲಿ ಇರಬೇಕೆಂಬ ನಿಯಮವೂ ಸೇರಿತು. ಸ್ಪೋರ್ಟ್ಸ್ ಕಾರಿನ ಮೂತಿಯೋ ನೆಲ ಮೂಸುವಂಥದ್ದು. ಕಾಯ್ದೆಯ ಎತ್ತರಕ್ಕೆ ಆ ದೊಡ್ಡ ದುಂಡು ದೀಪ ಕೂರಿಸಿದರೆ ಚೆಲುವೂ ಹೋಯಿತು, ಗಾಳಿ ಸೀಳುವ ಗುಣವೂ ಹೋಯಿತು. ಎಂಜಿನಿಯರುಗಳು ಯೋಚಿಸಿದರು: ಉರಿಯುವಾಗ ತಾನೇ ಎತ್ತರ ಬೇಕಾದದ್ದು? ಉಳಿದ ಹೊತ್ತು ಮಲಗಿರಲಿ. ಹೀಗೆ ಸರಕಾರಿ ನಿಯಮವೊಂದನ್ನು ಮುರಿಯದೆ ತಪ್ಪಿಸಿಕೊಳ್ಳಲು ಮತ್ತೆ ಬಳಕೆಗೆ ಬಂದ ದೀಪ ಇದು. ಬಲ್ಬ್ ಬದಲಿಸಬಹುದಾದ, ಬೇಕಾದ ಆಕಾರದ ದೀಪಕ್ಕೆ ಅಲ್ಲಿನ ಕಾಯ್ದೆ 1983ರಲ್ಲಿ ಒಪ್ಪಿತು, ಅಲ್ಲಿಂದ ಇದರ ಅವಸಾನ ಆರಂಭ. ಪಾದಚಾರಿಗಳಿಗೆ ತಾಗಿದರೆ ಗಾಯವಾಗುವಂಥ ಮೊನೆಗಳು ಮುಂಭಾಗದಲ್ಲಿರಬಾರದು ಎಂದು ಯುರೋಪಿನವರು ಬಿಗಿ ಮಾಡಿದ್ದೂ ಸೇರಿ, ಕೊನೆಗುಳಿದ ಕಾರ್ವೆಟ್ ಮತ್ತು ಲೋಟಸ್ ಎಸ್ಪ್ರಿ ಕಾರುಗಳಲ್ಲಿ 2004ಕ್ಕೆ ಇದು ಮುಗಿಯಿತು. ನಮ್ಮ ಟ್ರ್ಯಾಕ್ಟರಿನವರಾದರೆ ದೀಪವನ್ನೇ ಹಚ್ಚದೆ ಕಾಯ್ದೆಯ ತಂಟೆ ಬಗೆಹರಿಸಿಕೊಂಡಿದ್ದಾರೆ. ಅಷ್ಟು ದೂರ ಅಮೆರಿಕದವರ ಬುದ್ಧಿ ಓಡಿರಲಿಲ್ಲ.

ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಅಂಗಳ ತುಂಬಿತ್ತು. ಕಣಗಲಾ ಇರುವುದು ಬೆಳಗಾವಿಗೂ ಕೊಲ್ಲಾಪುರಕ್ಕೂ ನಡುವೆ, ಹೈವೇದ ಮೇಲೆ. ಆದ್ದರಿಂದ ಕೆಟ್ಟ ಯಂತ್ರ ಕಂಡಾಗೆಲ್ಲ ಊರು ಎರಡು ಪಂಗಡವಾಗುತ್ತದೆ. ಒಂದು ಪಂಗಡ ‘ಬೆಳಗಾವಿ ಉದ್ಯಮಬಾಗಕ್ಕ ಒಯ್ರಿ’ ಎನ್ನುತ್ತದೆ, ಇನ್ನೊಂದು ‘ಕೊಲ್ಲಾಪುರದ ಉದ್ಯಮನಗರದಾಗ ಆಗಲಾರದ ಕೆಲಸ ಇಲ್ಲ’ ಎನ್ನುತ್ತದೆ. ವಾದ ಮರಾಠಿಗೆ ತಿರುಗಿ ಮತ್ತೆ ಕನ್ನಡಕ್ಕೆ ಬರುವಷ್ಟರಲ್ಲಿ ಹುಡುಗ ಬಾನೆಟ್ ತೆರೆದು, ಕೈಯಿಂದಲೇ ದೀಪ ಎತ್ತುವ ಉಪಾಯ ತೋರಿಸಿದ. ಮೊದಲು ಫ್ಯೂಜ್ ಕಿತ್ತು, ಆಮೇಲೆ ಮೋಟಾರಿನ ತುದಿಯ ರಬ್ಬರ್ ಟೊಪ್ಪಿಗೆ ತೆಗೆದು, ಅದರ ಕೆಳಗಿನ ಗುಬುಟು ತಿರುವಬೇಕು. ರಬ್ಬರ್ ಟೊಪ್ಪಿಗೆ ಎಂದೊಡನೆ ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ನಮ್ಮೂರಲ್ಲಿ ಇರುವ ದೊಡ್ಡ ಕಾರ್ಖಾನೆ ಮೊದಲು ಹಿಂದೂಸ್ತಾನ್ ಲ್ಯಾಟೆಕ್ಸ್ ಎಂದಿದ್ದ ಕಂಪನಿಯದು. ಕುಟುಂಬ ಯೋಜನೆಯ ಸಾಮಾನು ಮಾಡುವ ಕೇಂದ್ರ ಸರಕಾರದ ಕಂಪನಿ. ರಬ್ಬರಿನ ಮಾತು ಬಂದರೆ ಊರಿನವರು ನಗದೇ ಇರಲಾರರು. ಪುಣೆಯ ಹುಡುಗನಿಗೆ ಯಾಕೆಂದು ತಿಳಿಯಲಿಲ್ಲ, ಮಾಮನಾದ ನಾನು ವಿವರಿಸುವ ಹಾಗೂ ಇರಲಿಲ್ಲ.

ಗುಬುಟು ತಿರುವಿ ತಿರುವಿ ಕೈ ಸೋತ ಮೇಲೆ ದೀಪ ಎದ್ದು ನಿಂತಿತು. ಆದರೆ ಇದು ರಿಪೇರಿಯಲ್ಲ. ಹೊಸ ಮೋಟಾರು ಅಮೆರಿಕದಿಂದ ತರಿಸಬೇಕು ಎಂದು ಹುಡುಗ ಡಾಲರಿನಲ್ಲಿ ಲೆಕ್ಕ ಹಾಕುತ್ತಿದ್ದ. ಡಾಲರು ಬರುವ ಮುಂಚೆ ಸಂಕೇಶ್ವರಕ್ಕೆ ಹೋಗಿ ಬರೋಣ ಎಂದೆ. ಹಗಲು ಹೊತ್ತು, ದೀಪದ ಹಂಗಿಲ್ಲ.

ಸಂಕೇಶ್ವರದ ಹಳೆ ಹೈವೇ ಪಕ್ಕದ ಆ ಆಟೋ ಎಲೆಕ್ಟ್ರಿಷಿಯನ್ನನ ಬಳಿ ಇರುವ ದೊಡ್ಡ ಉಪಕರಣವೆಂದರೆ ಟೆಸ್ಟ್ ಲ್ಯಾಂಪು: ಎರಡು ವೈರು ಬೆಸೆದ ಒಂದು ಇಂಡಿಕೇಟರ್ ಬಲ್ಬು. ಲಾರಿ, ಟ್ರ್ಯಾಕ್ಟರು, ಜನ ತುಂಬಿಕೊಂಡು ಓಡುವ ವಡಾಪ್ ಜೀಪು ಬಿಟ್ಟು ಬೇರೆ ಗಾಡಿ ಮುಟ್ಟಿದವನಲ್ಲ. ಕಾರಿನ ಸುತ್ತ ಒಂದು ಸಲ ಸುತ್ತಿದ. ‘ಭಾರಿ ಗಾಡಿ ಬಿಡ್ರಿ’ ಎಂದು ಒಂದು ಮಾತಿನ ಮರ್ಯಾದೆ ಸಲ್ಲಿಸಿ, ಫ್ಯೂಜ್ ಮತ್ತೆ ಕೂರಿಸಿ, ಸ್ವಿಚ್ ಹಾಕಿಸಿ, ಟೆಸ್ಟ್ ಲ್ಯಾಂಪು ಹಚ್ಚಿ ನೋಡಿದ. ಮೋಟಾರಿನವರೆಗೂ ಕರೆಂಟು ಬರುತ್ತಿದೆ. ಸ್ಕ್ರೂ ಡ್ರೈವರಿನ ಹಿಂಬದಿಯಿಂದ ಮೋಟಾರಿಗೆ ಎರಡು ಬಡಿದ. ಎತ್ತಿ ನಿಲ್ಲಿಸಿದ್ದ ದೀಪ ಗಕ್ಕನೆ ಇಳಿಯಿತು. ಇಳಿದದ್ದು ನಿಲ್ಲಲಿಲ್ಲ, ಎದ್ದಿತು, ಮತ್ತೆ ಇಳಿಯಿತು, ಮತ್ತೆ ಎದ್ದಿತು. ಬಲಗಣ್ಣು ಗಂಭೀರವಾಗಿ ಮುಂದೆ ನೋಡುತ್ತಿದೆ, ಎಡಗಣ್ಣು ರಸ್ತೆಯಲ್ಲಿ ಹೋಗುವವರಿಗೆಲ್ಲ ಪಟಪಟ ಹೊಡೆಯುತ್ತಿದೆ. ಸಂತೆಗೆ ಹೊರಟಿದ್ದ ಇಬ್ಬರು ಹೆಣ್ಣುಮಕ್ಕಳು ಸೆರಗು ಸರಿಮಾಡಿಕೊಂಡು ರಸ್ತೆಯ ಆ ಬದಿಗೆ ದಾಟಿದರು. ಹುಡುಗ ಓಡಿಹೋಗಿ ಸ್ವಿಚ್ ಆರಿಸಿದ. ಎಡಗಣ್ಣು ಅದಕ್ಕೂ ಬಗ್ಗಲಿಲ್ಲ. ಎಲೆಕ್ಟ್ರಿಷಿಯನ್ ಮಾತ್ರ ಸೊಂಟದ ಮೇಲೆ ಕೈಯಿಟ್ಟು, ಗುರುತಿನವರನ್ನು ಕಂಡವನ ಹಾಗೆ ನಗುತ್ತಿದ್ದ.

‘ಮಾಸ್ತರ್ರ, ಇದು ವೈಪರ್ ಮೋಟಾರ್ ಐತ್ರಿ.’

ಹುಡುಗನಿಗೆ ಅವಮಾನವಾಯಿತು. ‘ಇಲ್ರೀ, ಇದು ಹೆಡ್‌ಲೈಟ್ ರಿಟ್ರ್ಯಾಕ್ಟರ್ ಮೋಟಾರ್’ ಎಂದ.

‘ಹೆಸರ ಏನರ ಇರಲಿ. ಲಾರಿ ವೈಪರ್ ಬಂದ್ ಮಾಡಿದ್ರ ಕಾಚಿನ ನಡುವ ನಿಲ್ತೈತೇನ್ರಿ? ಇಲ್ಲ. ತನ್ನ ಜಾಗಾಕ್ಕ ಹೋಗೇ ನಿಲ್ತೈತಿ. ಹೆಂಗ?’

ಫ್ಯೂಜ್ ಕಿತ್ತು ಕಿಸೆಯಲ್ಲಿ ಹಾಕಿಕೊಂಡು, ಮೋಟಾರು ಬಿಚ್ಚಿ ಬೆಂಚಿನ ಮೇಲೆ ತೆರೆದಿಟ್ಟ. ಒಳಗೆ ಒಂದು ಹಲ್ಲುಚಕ್ರ, ಅದರ ಜೊತೆಗೇ ತಿರುಗುವ ತಾಮ್ರದ ತಗಡು, ತಗಡಿನ ಮೇಲೆ ಸವರಿಕೊಂಡು ಹೋಗುವ ಸಣ್ಣ ಸಣ್ಣ ಪಾಯಿಂಟು. ತಗಡಿನಲ್ಲಿ ಅಲ್ಲಲ್ಲಿ ಕತ್ತರಿಸಿದ ಜಾಗ. ಪಾಯಿಂಟು ಆ ಜಾಗಕ್ಕೆ ಬಂದೊಡನೆ ಕರೆಂಟು ಕಡಿದು ಮೋಟಾರು ನಿಲ್ಲುತ್ತದೆ. ವೈಪರಿಗೆ ನಿಲ್ಲುವ ಜಾಗ ಒಂದೇ. ಈ ದೀಪಕ್ಕೆ ಎರಡು, ಮೇಲೊಂದು ಕೆಳಗೊಂದು. ನಾನು ಅಲ್ಲಿಯವರೆಗೆ ಮೋಟಾರು ಮುಂದೆ ತಿರುಗಿ ದೀಪ ಎತ್ತುತ್ತದೆ, ಹಿಂದೆ ತಿರುಗಿ ಇಳಿಸುತ್ತದೆ ಎಂದು ತಿಳಿದಿದ್ದೆ. ಅದು ತಿರುಗುವುದು ಒಂದೇ ದಿಕ್ಕಿಗೆ. ಅರ್ಧ ಸುತ್ತಿಗೆ ದೀಪ ಮೇಲೆ, ಉಳಿದ ಅರ್ಧ ಸುತ್ತಿಗೆ ಕೆಳಗೆ.

ಮೂವತ್ತು ವರ್ಷದ ಗ್ರೀಸು ಒಣಗಿ ಕರ್ರಗೆ ಗಟ್ಟಿಯಾಗಿತ್ತು. ತಾಮ್ರ ಹಸಿರುಗಟ್ಟಿತ್ತು. ಪಾಯಿಂಟಿಗೆ ತಗಡು ತಾಗಿದ್ದೂ ತಿಳಿಯುತ್ತಿರಲಿಲ್ಲ, ಬಿಟ್ಟದ್ದೂ ತಿಳಿಯುತ್ತಿರಲಿಲ್ಲ. ಅವನು ಪೆಟ್ರೋಲಿನಲ್ಲಿ ತೊಳೆದ, ನುಣುಪು ಪಾಲಿಶ್ ಪೇಪರಿನಿಂದ ತಗಡನ್ನು ಕೆಂಪು ಬರುವವರೆಗೆ ಉಜ್ಜಿದ, ಸೋತು ಮಲಗಿದ್ದ ಪಾಯಿಂಟುಗಳನ್ನು ಚಿಮಟಿಗೆಯಿಂದ ಕೂದಲಷ್ಟು ಎತ್ತಿದ, ಹೊಸ ಗ್ರೀಸು ಹಚ್ಚಿದ. ದೀಪ ಎತ್ತುವ ಸರಳಿನ ಬುಶ್ ಸವೆದು ಗಡಗಡ ಎನ್ನುತ್ತಿತ್ತು. ಪಕ್ಕದ ಲೇತ್ ಅಂಗಡಿಯಿಂದ ನೈಲಾನಿನದೊಂದು ಕಡೆಸಿ ತಂದ. ಅರ್ಥಿಂಗ್ ವೈರಿನ ಬುಡದ ತುಕ್ಕು ಕೆರೆದು ಬಿಗಿದ. ಬಲಗಡೆಯದು ಸರಿಯಾಗಿಯೇ ಇದ್ದರೂ, ‘ಅದಕ್ಕೂ ಅಷ್ಟ ವಯಸ್ಸಾಗೇತಿ’ ಎಂದು ಬಿಚ್ಚಿ ತೊಳೆದ.

ಸ್ವಿಚ್ ತಿರುಗಿಸಿದರೆ ಎರಡೂ ಎದ್ದವು. ಆರಿಸಿದರೆ ಎರಡೂ ಮಲಗಿದವು. ಎಡಗಡೆಯದು ಮಾತ್ರ ಒಂದು ಚಿಟಿಕೆ ಹಿಂದೆ. ಹುಡುಗ ಮತ್ತೆ ಮತ್ತೆ ಹಾಕಿ ಆರಿಸಿ, ‘ಎರಡೂ ಒಮ್ಮೆಲೆ ಏಳಬೇಕಲ್ರೀ?’ ಎಂದ.

‘ನಿಮ್ಮ ಮಾಮಾ ಮುಂಜಾನೆ ಏಳೂವಾಗ ಎರಡೂ ಕಣ್ಣ ಒಮ್ಮೆಲೆ ತೆರೀತಾರೇನ್ರಿ?’

ನನ್ನನ್ನು ಕೇಳಿದ್ದರೆ ನಾನು ಉತ್ತರ ಕೊಡುತ್ತಿದ್ದೆ. ಇಬ್ಬರೂ ನನ್ನ ಕಣ್ಣುಗಳನ್ನು ನೋಡಿ ವಿಷಯ ಇತ್ಯರ್ಥ ಮಾಡಿಕೊಂಡರು.

ಹುಡುಗನಿಗೆ ಬಿಲ್ಲು ಬೇಕಿತ್ತು. ಪುಣೆಯಲ್ಲಿ ಹಳೆ ಕಾರಿನ ಗೆಳೆಯರಿಗೆ ತೋರಿಸಲು. ಎಲೆಕ್ಟ್ರಿಷಿಯನ್ ಬಿಲ್ ಪುಸ್ತಕ ಹುಡುಕಿ, ಧೂಳು ಕೊಡವಿ, ಬರೆದ: ‘ವೈಪರ್ ಮೋಟಾರ್ ಸರ್ವಿಸ್, 2 ನಗ.’ ಕೆಳಗೆ ಲಾರಿಗೆ ಹಾಕುವ ರೇಟೇ ಹಾಕಿದ್ದ.

‘ಹೆಡ್‌ಲೈಟ್ ರಿಟ್ರ್ಯಾಕ್ಟರ್ ಅಂತ ಬರ್ದು ಕೊಡ್ರಿ’ ಎಂದು ಹುಡುಗ ಬಿಲ್ಲನ್ನು ಮುಂದಕ್ಕೆ ಚಾಚಿದ.

‘ಬರೀತೀನ್ರಿ, ನಂದೇನ್ ಹೋಗೂದು. ಆದ್ರ ಹಂಗ ಬರದ್ರ ರೇಟ್ ಬ್ಯಾರೆ ಆಕ್ಕೈತಿ.’

ಹುಡುಗ ಬಿಲ್ಲು ಮಡಚಿ ಕಿಸೆಯಲ್ಲಿಟ್ಟುಕೊಂಡ.