ಖಾಕಿಯ ಮೇಲೊಂದು ಚೌಕಡಿ ಅಂಗಿ

ಸಮವಸ್ತ್ರ ಎಂಬ ಪದವನ್ನು ಬಿಡಿಸಿ ನೋಡಿದರೆ ಎಲ್ಲರನ್ನೂ ಸಮಾನರಾಗಿ ಕಾಣಿಸುವ ಬಟ್ಟೆ ಎಂಬ ಅರ್ಥ ದೊರೆಯುತ್ತದಾದರೂ, ಪೊಲೀಸರೊಬ್ಬರು ಅದನ್ನು ತೊಟ್ಟು ಬಸ್ಸು ಹತ್ತಿದೊಡನೆ ಅವರಿಗೂ ಉಳಿದ ಐವತ್ತು ಮಂದಿಗೂ ನಡುವೆ ಅಸಮಾನತೆಯೊಂದು ತಾನಾಗಿಯೇ ಬಂದು ಕೂಡುತ್ತದೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಆಡುಮಾತಿನಲ್ಲಿ ಈ ಬಟ್ಟೆಗೆ ಇಷ್ಟು ಉದ್ದದ ಸಂಸ್ಕೃತ ಹೆಸರು ಇಲ್ಲ. ಅಲ್ಲಿ ಅದು ಬರೀ ‘ಡ್ರೆಸ್’, ತೊಟ್ಟವರು ‘ಡ್ರೆಸ್ ಮ್ಯಾಲ’ ಇರುವವರು, ತೊಡದವರು ‘ಡ್ರೆಸ್ ಮ್ಯಾಲ ಇಲ್ಲದವರು’. ಈ ಪರಿಭಾಷೆಯ ಪ್ರಕಾರ ಉಳಿದ ಲೋಕವೆಲ್ಲ ಡ್ರೆಸ್ಸೇ ಇಲ್ಲದೆ ತಿರುಗಾಡುತ್ತಿದೆಯೇ ಎಂಬ ಪ್ರಶ್ನೆಯನ್ನು ತರ್ಕಶಾಸ್ತ್ರಜ್ಞರಿಗೆ ಬಿಟ್ಟು, ಮನೆಯಿಂದ ಠಾಣೆಯವರೆಗಿನ ದಾರಿಯಲ್ಲಿ ಪೊಲೀಸರು ಡ್ರೆಸ್ ಮ್ಯಾಲ ಇರಬೇಕೇ ಬೇಡವೇ ಎಂಬುದನ್ನಷ್ಟೇ ಇಲ್ಲಿ ವಿಚಾರಿಸಬಹುದು.

ಈ ಪ್ರಶ್ನೆ ಬಹಳ ಹಳೆಯದಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ, 1867ರ ಗ್ರಾಮ ಪೊಲೀಸ್ ಕಾಯ್ದೆಯಂತೆ, ಹಳ್ಳಿಯ ಶಾಂತಿಪಾಲನೆ ಪೊಲೀಸ್ ಪಾಟೀಲ ಎಂಬ ವಂಶಪಾರಂಪರ್ಯದ ಹುದ್ದೆದಾರನ ಕೈಯಲ್ಲಿತ್ತು. ಕಂದಾಯ ನೋಡಿಕೊಳ್ಳುವ ಪಾಟೀಲನೇ ಬೇರೆ, ಕಳವು ಜಗಳ ನೋಡಿಕೊಳ್ಳುವ ಈ ಪಾಟೀಲನೇ ಬೇರೆ. ಈತನಿಗೆ ಖಾಕಿಯಿರಲಿಲ್ಲ, ತಲೆಯ ಪಟಗ, ಹೆಗಲ ಮೇಲಿನ ಕಂಬಳಿ, ಮೀಸೆಯ ತಿರುವು ಇಷ್ಟರಲ್ಲೇ ಸರ್ಕಾರದ ಇರವು ಊರಿಗೆ ತಿಳಿಯುತ್ತಿತ್ತು. ಮನೆಯ ಕಟ್ಟೆಯೇ ಕಚೇರಿಯಾದದ್ದರಿಂದ ಕೆಲಸಕ್ಕೆ ಪ್ರಯಾಣ ಎಂಬ ಮಾತೂ ಹುಟ್ಟಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆಯಿಂದ ಹುದ್ದೆ ಹೋಯಿತಾದರೂ, ಪೊಲೀಸ್‌ಪಾಟೀಲ ಎಂಬುದು ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಡ್ಡಹೆಸರಾಗಿ ಉಳಿಯಿತು. ಹೀಗೆ ತೊಟ್ಟಿಲಲ್ಲಿರುವಾಗಲೇ ತೊಟ್ಟು, ಸ್ನಾನಕ್ಕೂ ಬಿಚ್ಚದೆ, ಇಸ್ತ್ರಿಯ ಖರ್ಚೂ ಇಲ್ಲದೆ ಬದುಕಿಡೀ ಧರಿಸಬಹುದಾದ ಪೊಲೀಸ್ ಸಮವಸ್ತ್ರ ಇದೊಂದೇ ಎನ್ನಬೇಕು. ಮುಂದೆ ಬಂದ ಸಂಬಳದ ಪೇದೆಗೂ ಠಾಣೆಯ ಬೆನ್ನಿಗೇ ‘ಲೈನ್’, ಅಂದರೆ ಸಾಲುಮನೆ, ಇರುತ್ತಿತ್ತಾದ್ದರಿಂದ ಹೊಸ್ತಿಲಿಗೂ ಹಾಜರಿ ಪುಸ್ತಕಕ್ಕೂ ನಡುವಿನ ದೂರ ನೂರು ಹೆಜ್ಜೆ ದಾಟುತ್ತಿರಲಿಲ್ಲ. ಮಕ್ಕಳ ಶಾಲೆಗಾಗಿ ಸಂಸಾರ ಗೋಕಾಕದಲ್ಲಿ, ನೌಕರಿ ಕುಲಗೋಡದಲ್ಲಿ ಎಂಬ ಏರ್ಪಾಟು ಬಂದ ಮೇಲೆಯೇ ಆ ದಾರಿಯ ಕೌಜಲಗಿ ಬಸ್ಸಿಗೆ ಈ ತಾತ್ತ್ವಿಕ ಸಮಸ್ಯೆ ಹತ್ತಿಕೊಂಡದ್ದು.

ಖಾಕಿಯ ಹುಟ್ಟೂ ಇಲ್ಲಿ ಅಪ್ರಸ್ತುತವಲ್ಲ. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು. 1846ರಲ್ಲಿ ಪೆಶಾವರದಲ್ಲಿ ಕಟ್ಟಿದ ಗೈಡ್ಸ್ ಎಂಬ ಪಡೆಗೆ ಹ್ಯಾರಿ ಲಮ್ಸ್‌ಡನ್ ಎಂಬ ಬ್ರಿಟಿಷ್ ಅಧಿಕಾರಿ ಈ ಬಣ್ಣವನ್ನು ತಂದದ್ದು, ಸೈನಿಕನು ಆ ನೆಲದ ಧೂಳಿನಲ್ಲಿ ಕಾಣದಿರಲಿ ಎಂದು. ಅದೇ ಬಣ್ಣ ಕೌಜಲಗಿ, ಕುಲಗೋಡ, ಯಾದವಾಡಗಳ ಎರೆನೆಲಕ್ಕೆ ಬಂದಾಗ, ಕಪ್ಪು ಮಣ್ಣಿನ ಹಿನ್ನೆಲೆಯಲ್ಲಿ ಪೇದೆಯನ್ನು ಹರದಾರಿ ದೂರದಿಂದಲೇ ಗುರುತಿಸಲು ನೆರವಾಯಿತು. ಮರೆಸಲು ಹುಟ್ಟಿದ ಬಟ್ಟೆ ಮೆರೆಸುವ ಬಟ್ಟೆಯಾಯಿತು. ಲಂಡನ್ನಿನಲ್ಲಿ ಮೆರೆಸುವುದೇ ಮೊದಲಿನಿಂದಲೂ ಉದ್ದೇಶವಾಗಿತ್ತು. 1829ರಲ್ಲಿ ರಾಬರ್ಟ್ ಪೀಲ್ ಸ್ಥಾಪಿಸಿದ ಮೆಟ್ರೊಪಾಲಿಟನ್ ಪೊಲೀಸರು ಗುಪ್ತಚರರೆಂಬ ಸಂಶಯ ಜನರಿಗೆ ಬಾರದಿರಲೆಂದು, ಮೊದಲ ಕೆಲವು ದಶಕಗಳಲ್ಲಿ ಅವರು ರಜೆಯ ವೇಳೆಯಲ್ಲಿಯೂ ನೀಲಿ ದಿರಿಸಿನಲ್ಲೇ ಇರಬೇಕಿತ್ತು; ಕರ್ತವ್ಯದಲ್ಲಿರುವಾಗ ಮಾತ್ರ ತೋಳಿಗೊಂದು ಪಟ್ಟೆಪಟ್ಟೆಯ ಪಟ್ಟಿ ಕಟ್ಟುತ್ತಿದ್ದರು. ಆ ತೋಳಪಟ್ಟಿ ಎಷ್ಟು ಜಾಣತನದ್ದೆಂಬುದು ಗೋಕಾಕದ ಬಸ್ ನಿಲ್ದಾಣದಲ್ಲಿ ನಿಂತರೆ ತಿಳಿಯುತ್ತದೆ. ಅಲ್ಲಿ ಬಸ್ಸಿನ ಚಾಲಕನೂ ಖಾಕಿ, ಆಟೋದವನೂ ಖಾಕಿ, ಗೃಹರಕ್ಷಕನೂ ಖಾಕಿ. ಇಷ್ಟು ಖಾಕಿಗಳ ನಡುವೆ ಪೊಲೀಸರನ್ನು ನೋಡಿ ಮಾತ್ರ ಜನರ ಬೆನ್ನು ನೆಟ್ಟಗಾಗುವುದು ಬಣ್ಣದ ಮಹಿಮೆಯಂತೂ ಅಲ್ಲ.

ಪೊಲೀಸ್ ಅಧಿಕಾರಿಯು ಸದಾಕಾಲವೂ ಕರ್ತವ್ಯದಲ್ಲಿರುವವನೆಂದೇ ಪರಿಗಣಿಸತಕ್ಕದ್ದು ಎಂಬ ಆಶಯ 1861ರ ಪೊಲೀಸ್ ಕಾಯ್ದೆಯ 22ನೆಯ ಕಲಮಿನಲ್ಲಿದೆ. ಇದನ್ನು ಬರೆದವರು ಬೆಳಗಿನ ಬಸ್ಸಿನಲ್ಲಿ ಕೂತು ನೋಡಿದವರಲ್ಲ. ಡ್ರೆಸ್ ಮ್ಯಾಲ ಇರುವ ಪೇದೆ ಒಳಗೆ ಕಾಲಿಟ್ಟರೆ, ಕಿಟಕಿಯಿಂದ ಟವೆಲ್ ಎಸೆದು ಹಿಡಿದಿಟ್ಟ ಸೀಟಿನ ಒಡೆತನ ಸಹ ಅಲುಗಾಡಿ, ‘ಬರ್ರಿ ಸಾಹೇಬ್ರ, ಕೂಡ್ರಿ’ ಎಂಬ ಆಹ್ವಾನ ಬರುತ್ತದೆ. ಕೂತ ಮೇಲೆ ಬದುವಿನ ಜಗಳ, ಕಳೆದ ಎಮ್ಮೆ, ಮಗನ ಪಾಸ್‌ಪೋರ್ಟಿನ ವಿಚಾರಣೆ ಎಲ್ಲಿಗೆ ಬಂತೆಂಬ ಪ್ರಶ್ನೆ ಒಂದರ ಹಿಂದೊಂದು ಮೊದಲಾಗುತ್ತವೆ. ಬೈಕಿನಲ್ಲಿ ಹೋದರೆ ಕಷ್ಟ ಇನ್ನೂ ದೊಡ್ಡದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಕೆಂಪು ದೀಪವಿಲ್ಲದೆ, ಮುಂದೆ ಹಾಡಿನ ಅಬ್ಬರದಿಂದ ರಸ್ತೆ ತುಂಬಿ ಬರುವ ಟ್ರ್ಯಾಕ್ಟರನ್ನು ಖಾಕಿಯಲ್ಲಿದ್ದವರು ನೋಡಿಯೂ ನೋಡದಂತೆ ದಾಟಿದರೆ ಕರ್ತವ್ಯಲೋಪ. ನಿಲ್ಲಿಸಿದರೆ ಹಾಜರಿಗೆ ತಡ, ಅದೂ ಕರ್ತವ್ಯಲೋಪವೇ. ಸಾದಾ ಅಂಗಿಯಲ್ಲಿದ್ದವರಿಗೆ ಮಾತ್ರ ಕಣ್ಣಿಗೆ ಕಬ್ಬಿನ ರವದಿ ಬಿತ್ತೆಂದು ಉಜ್ಜಿಕೊಳ್ಳುವ ಸ್ವಾತಂತ್ರ್ಯ ಉಂಟು.

ಇಕ್ಕಟ್ಟು ಹೆಚ್ಚುವುದು ಟಿಕೆಟಿನ ಹೊತ್ತಿಗೆ. ಕರ್ತವ್ಯದ ಮೇಲೆ ಪರಊರಿಗೆ ಹೋಗುವ ಪೊಲೀಸರಿಗೆ ‘ವಾರಂಟ್’ ಎಂಬ ಪ್ರಯಾಣದ ಚೀಟಿ ಇರುತ್ತದೆ. ಇದು ಹಿಡಿದು ತರುವ ವಾರಂಟಲ್ಲ, ಹತ್ತಿಸಿಕೊಂಡು ಹೋಗುವ ವಾರಂಟು, ಇದರ ಲೆಕ್ಕವನ್ನು ಇಲಾಖೆಗಳೇ ತಮ್ಮೊಳಗೆ ತೀರಿಸಿಕೊಳ್ಳುತ್ತವೆ. ಮೈಮೇಲಿನ ಡ್ರೆಸ್ಸೇ ವಾರಂಟು ಎಂದು ನಂಬಿದರೆ ಏನಾಗುತ್ತದೆಂಬುದನ್ನು ತಮಿಳುನಾಡು 2024ರ ಮೇ ತಿಂಗಳಲ್ಲಿ ತೋರಿಸಿಕೊಟ್ಟಿತು. ನಾಂಗುನೇರಿಯ ಬಳಿ ಸಮವಸ್ತ್ರದ ಪೇದೆಯೊಬ್ಬರು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಕೊಳ್ಳಲು ಒಪ್ಪಲಿಲ್ಲ, ವಾರಂಟ್ ಇಲ್ಲದಿದ್ದರೆ ಪೊಲೀಸರಿಗೂ ಟಿಕೆಟ್ ಕಡ್ಡಾಯವೆಂದು ಸಾರಿಗೆ ಇಲಾಖೆ ಸಾರಿತು, ಒಡನೆಯೇ ಅಲ್ಲಲ್ಲಿ ಸಂಚಾರ ಪೊಲೀಸರಿಗೆ ಸರ್ಕಾರಿ ಬಸ್ ಚಾಲಕರು ಸೀಟ್ ಬೆಲ್ಟ್ ಹಾಕಿಲ್ಲವೆಂಬ ಸತ್ಯ ಹೊಸದಾಗಿ ಹೊಳೆಯಿತು. ಕೊನೆಗೆ ಹಿರಿಯ ಅಧಿಕಾರಿಗಳು ಕೂತು ಮಾತಾಡಿದರು, ಪೇದೆಯೂ ಕಂಡಕ್ಟರೂ ಅಪ್ಪಿಕೊಂಡು ಚಹ ಕುಡಿದರು. ಕರ್ನಾಟಕದಲ್ಲಿ ಮಹಿಳಾ ಪೇದೆಗಳ ಮಟ್ಟಿಗೆ ಈ ಜಗಳ ಹುಟ್ಟುವ ಮೊದಲೇ 2023ರ ಜೂನ್ 11ರಂದು ಶಕ್ತಿ ಯೋಜನೆಯು ಶೂನ್ಯ ಟಿಕೆಟ್ ಕೊಟ್ಟು ಮುಗಿಸಿದೆ. ಅವರು ಖಾಕಿಯಲ್ಲಿ ಬರಲಿ, ಇಳಕಲ್ ಸೀರೆಯಲ್ಲಿ ಬರಲಿ, ಯಂತ್ರಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ನಿಜವಾಗಿ ಮರುಕಕ್ಕೆ ಪಾತ್ರನಾದವನು ಪ್ರಾಮಾಣಿಕ ಗಂಡು ಪೇದೆ. ಆತ ದುಡ್ಡು ಕೊಟ್ಟರೂ ಬಸ್ಸಿಗೆ ನಂಬಿಕೆ ಬಾರದಾದ್ದರಿಂದ, ಟಿಕೆಟನ್ನು ಊರಿಗೆಲ್ಲ ಕಾಣುವಂತೆ ಬೆರಳ ಸಂದಿಯಲ್ಲಿ ಹಿಡಿದೇ ಕೂರಬೇಕು. ಸಂತೆಯಲ್ಲಿ ಬದನೆಕಾಯಿ ಕೊಂಡರೂ ದುಡ್ಡನ್ನು ಬಾಯಿಬಿಟ್ಟು ಎಣಿಸಿಯೇ ಕೊಡಬೇಕು.

ತಲೆಯ ವಿಷಯವನ್ನು ಬೇಗ ಮುಗಿಸಬಹುದು. ಟೋಪಿಯಿಲ್ಲದೆ ಸಮವಸ್ತ್ರ ಪೂರ್ಣವಲ್ಲವೆಂಬುದು ಪೊಲೀಸ್ ಶಿಸ್ತು, ಹೆಲ್ಮೆಟ್ ಇಲ್ಲದೆ ಬೈಕ್ ಏರಬಾರದೆಂಬುದು ಮೋಟಾರು ವಾಹನ ಕಾಯ್ದೆಯ 129ನೆಯ ಕಲಮು. ಬ್ರಹ್ಮನು ಸರ್ಕಾರಿ ನೌಕರನಿಗೂ ಒಂದೇ ತಲೆ ಕೊಟ್ಟಿರುವುದರಿಂದ ಟೋಪಿ ಪೆಟ್ರೋಲ್ ಟ್ಯಾಂಕಿನ ಮೇಲಿನ ಚೀಲಕ್ಕೆ ಇಳಿಯುತ್ತದೆ. ಅಗಲ ಅಂಚಿನ ಹಳೆಯ ಟೋಪಿಯ ಬದಲು 2025ರ ಅಕ್ಟೋಬರ್‌ನಲ್ಲಿ ಕಡುನೀಲಿಯ ಪೀಕ್ ಕ್ಯಾಪ್ ಬಂದ ಮೇಲೆ ಅದು ರೊಟ್ಟಿಯ ಡಬ್ಬಿಯ ಪಕ್ಕದಲ್ಲಿ ಮೊದಲಿಗಿಂತ ಸುಲಭವಾಗಿ ಹಿಡಿಯುತ್ತದೆ.

ಡ್ರೆಸ್ಸನ್ನು ಠಾಣೆಯಲ್ಲಿಯೇ ಬದಲಿಸಿದರಾಯಿತು ಎನ್ನುವವರು ಈ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನು ನೆನೆಯಬೇಕು. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಹೆಸರಾದ ಆ ಬಯಲಾಟದಲ್ಲಿ ಬಣ್ಣ ಹಚ್ಚಿಕೊಳ್ಳಲು ಬೇರೆ ಜಾಗವಿದೆ, ವೇಷ ರಂಗಕ್ಕೆ ಬರುವ ಹೊತ್ತೂ ಗೊತ್ತಿದೆ. ಕಿರೀಟ ಕಟ್ಟಿಕೊಂಡ ಕೃಷ್ಣ ತನ್ನೂರಿನ ಬಸ್ಸಿಗೆ ಕಾಯುತ್ತ ನಿಲ್ಲುವುದಿಲ್ಲ. ಪೊಲೀಸರಿಗೆ ಆ ಸೌಕರ್ಯ ಎಲ್ಲೆಡೆ ಇಲ್ಲವಾದ್ದರಿಂದ ಅವರು ತಾವೇ ನಡುದಾರಿಯೊಂದನ್ನು ಕಂಡುಕೊಂಡಿದ್ದಾರೆ. ಸಾದಾ ಉಡುಪಿಗೆ ಇಲಾಖೆಯಲ್ಲಿ ‘ಮಫ್ತಿ’ ಎನ್ನುವುದುಂಟು; ಮೂಲದಲ್ಲಿ ಅದು ಇಸ್ಲಾಮಿನ ಧರ್ಮಶಾಸ್ತ್ರ ಹೇಳುವ ಪಂಡಿತನ ಹೆಸರು. ಕುಲಗೋಡದ ಕಡೆಯ ಪ್ರಯಾಣದಲ್ಲಿ ಕಾಣುವುದು ಅರ್ಧ ಮಫ್ತಿ: ಕೆಳಗೆ ಖಾಕಿ ಪ್ಯಾಂಟು, ಕಂದು ಬೂಟು, ಮೇಲೆ ಎಲ್ಲವನ್ನೂ ಮುಚ್ಚುವ ಒಂದು ಚೌಕಡಿ ಅಂಗಿ. ಪೊಲೀಸನಲ್ಲದವನು ಮೋಸಕ್ಕಾಗಿ ಪೊಲೀಸನ ಬಟ್ಟೆ ತೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 205ನೆಯ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಪೊಲೀಸನೇ ಪೊಲೀಸನಲ್ಲದವನಂತೆ ಸೊಂಟದಿಂದ ಮೇಲಕ್ಕೆ ಮಾತ್ರ ನಟಿಸಿದರೆ ಏನೆಂಬುದಕ್ಕೆ ಸಂಹಿತೆ ಬಾಯಿ ಬಿಟ್ಟಿಲ್ಲ.

ಆ ಚೌಕಡಿ ಅಂಗಿಯಿಂದ ಮೋಸ ಹೋದವರೂ ಯಾರೂ ಇಲ್ಲ. ಬೂಟಿನ ಹೊಳಪು, ಕಿವಿಯ ಮೇಲಿನ ಕ್ಷೌರ, ಕೂತಾಗಲೂ ಸಡಿಲವಾಗದ ಭುಜ ಇವುಗಳನ್ನು ಎದುರು ಸೀಟಿನ ಮುದುಕಿ ಗೋಕಾಕ ದಾಟುವುದರೊಳಗೇ ಓದಿ ಮುಗಿಸಿರುತ್ತಾಳೆ. ಖಾಕಿ ಕಂಡಿದ್ದರೆ ಸಾಹೇಬರು ಕೆಲಸದ ಮೇಲಿದ್ದಾರೆಂದು ಆಕೆ ಸುಮ್ಮನಿರುತ್ತಿದ್ದಳೇನೋ. ಅಂಗಿ ಕಂಡದ್ದರಿಂದ ಸೆರಗಿನ ಗಂಟು ಬಿಚ್ಚಿ, ನಾಲ್ಕು ಮಡಿಕೆಯ ಒಂದು ಅರ್ಜಿ ತೆಗೆದು, ‘ಸಾಹೇಬ್ರ, ಇವತ್ತ ಸೂಟಿ ಅದ ಏನ್ರಿ? ಹಂಗಾರ ಇದನ್ನೊಂದೀಟ ಸಾವಕಾಶ ಓದಿ ಹೇಳ್ರಿ’ ಎನ್ನುತ್ತಾಳೆ.