ಠಾಕುರ್ಲಿ–ಡೊಂಬಿವಲಿ ವಾಯುಯಾನ: ತಜ್ಞರ ವರದಿ

ಸಿಂಗಪುರದಿಂದ ಕೌಲಾಲಂಪುರಕ್ಕೆ ಆಕಾಶಮಾರ್ಗದಲ್ಲಿ ಸುಮಾರು 300 ಕಿಲೋಮೀಟರ್. ಗಂಟೆಗೆ 800 ಕಿ.ಮೀ. ವೇಗ ಹಿಡಿದರೆ ಇಪ್ಪತ್ತೆರಡೂವರೆ ನಿಮಿಷ. ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಕೂಡಿಸುವುದು ನಮ್ಮ ಶಾಸ್ತ್ರದ ಪದ್ಧತಿ. ಒಟ್ಟು ಸುಮಾರು 53 ನಿಮಿಷ. ಎರಡೂ ಊರಿಗೆ ಗಡಿಯಾರ ಒಂದೇ. 1982ರಲ್ಲಿ ಎರಡೂ ಕಡೆಯವರು ಮುಳ್ಳನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಿಕೊಂಡಿದ್ದಾರೆ. ಇಂಥ ಲೆಕ್ಕ ಯಾರು ಬೇಕಾದರೂ ಮಾಡಬಹುದು. ಪಾಂಡಿತ್ಯ ಬೇಕಾಗುವುದು ಮುಂಬಯಿ ಲೋಕಲ್ ಮಾರ್ಗದ ಠಾಕುರ್ಲಿಯಿಂದ ಪಕ್ಕದ ಡೊಂಬಿವಲಿಗೆ.

ಎರಡು ಸ್ಟೇಷನ್‌ಗಳ ನಡುವಿನ ವಾಯುದೂರ ಸುಮಾರು ಒಂದೂವರೆ ಕಿಲೋಮೀಟರ್. ಈ ಅಂತರದಲ್ಲಿ ಭೂಮಿ ನಾಲ್ಕು ಸೆಂಟಿಮೀಟರಿನಷ್ಟು ಉಬ್ಬಿಕೊಂಡಿದೆ. ಆದರೆ ಲೋಕಲ್ ಗಾಡಿಯ ಬಾಗಿಲಲ್ಲಿ ನಿಂತವರಿಗೆ ಡೊಂಬಿವಲಿ ಕಾಣದಿರಲು ಆ ಉಬ್ಬು ಕಾರಣವಲ್ಲ, ಮುಂದೆ ನಿಂತವರ ಬೆನ್ನು. ಅದೇ 800ರ ವೇಗದಲ್ಲಿ ಹಾರಾಟದ ಅವಧಿ ಏಳು ಸೆಕೆಂಡು. ಅಷ್ಟರಲ್ಲಿ ತಿಂಡಿ ಹಂಚಲಾಗದು. ಮೇಲಿನ ಅರ್ಧ ಗಂಟೆ ಕೂಡಿಸಿದರೆ 30 ನಿಮಿಷ 7 ಸೆಕೆಂಡು. ಸ್ಲೋ ಲೋಕಲ್ ಇದೇ ದೂರವನ್ನು ಮೂರು ನಿಮಿಷದಲ್ಲಿ ಮುಗಿಸುತ್ತದೆ. ಅಂದರೆ ಸ್ಲೋ ಗಾಡಿ ಜೆಟ್ ವಿಮಾನಕ್ಕಿಂತ ಹತ್ತು ಪಟ್ಟು ಚುರುಕು. ಫಾಸ್ಟ್ ಗಾಡಿಗಳು ಸಾಮಾನ್ಯವಾಗಿ ಠಾಕುರ್ಲಿಯಲ್ಲಿ ನಿಲ್ಲದೆ ಓಡುವುದು ನಾಚಿಕೆಯಿಂದಲೇ ಇರಬೇಕು.

ಸಮಯವಲಯದ ವಿಷಯ ತುಸು ಜಟಿಲ. ಹಿಂದೆ ಮುಂಬಯಿಗೆ ತನ್ನದೇ 'ಬಾಂಬೆ ಟೈಮ್' ಇತ್ತು, ಭಾರತೀಯ ಸಮಯಕ್ಕಿಂತ 39 ನಿಮಿಷ ಹಿಂದೆ. 1955ರಲ್ಲಿ ಅದನ್ನು ಕೈಬಿಟ್ಟರು. ಮಳೆಗಾಲದಲ್ಲಿ ಪ್ಲಾಟ್‌ಫಾರ್ಮಿನ ಇಂಡಿಕೇಟರ್ ನೋಡುತ್ತ ನಿಂತರೆ, ಪೂರ್ತಿ ಕೈಬಿಟ್ಟಿಲ್ಲವೇನೋ ಎಂಬ ಶಂಕೆ ವಿದ್ವಾಂಸರಲ್ಲಿ ಉಳಿದಿದೆ.

ಇನ್ನು ಋಣಾತ್ಮಕ ದೂರ. ಬೆಳಿಗ್ಗೆ ಡೊಂಬಿವಲಿಯ ಜಾಣರು ಮುಂಬಯಿಗೆ ಹೋಗಲು ಮುಂಬಯಿಗೆ ಬೆನ್ನುಹಾಕಿ ಹೊರಡುತ್ತಾರೆ. ಕಲ್ಯಾಣ್‌ಗೆ ಹೋಗುವ ಗಾಡಿ ಹತ್ತಿ, ಅದು ಅಲ್ಲಿಂದ ತಿರುಗುವಾಗ ಕೂತಲ್ಲಿಂದ ಏಳುವುದಿಲ್ಲ. ಠಾಕುರ್ಲಿಯನ್ನು ಎರಡು ಸಲ ದಾಟಿ ಡೊಂಬಿವಲಿಗೇ ಬಂದಾಗ ಸ್ಥಾನಪಲ್ಲಟ ಶಾಸ್ತ್ರಪ್ರಕಾರ ಸೊನ್ನೆ, ಗಳಿಸಿದ್ದು ಒಂದು ಕಿಟಕಿ ಸೀಟು. ನಡುವೆ ಠಾಕುರ್ಲಿಯಲ್ಲಿ ಹತ್ತಿದವನ ಪಾಲಿಗೆ, ಪುಣ್ಯವಿದ್ದರೆ, ಚೌಥೀ ಸೀಟು: ಮೂವರ ಬೆಂಚಿನ ತುದಿಯಲ್ಲಿ ಅರ್ಧ ದೇಹಕ್ಕೆ ಆಸರೆ, ಮಿಕ್ಕರ್ಧ ವಾಯುಯಾನ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ಇರುವುದು ಠಾಕುರ್ಲಿಯ ಕಡೆಗೇ. ಕಾಮರ್ಸ್ ಓದುವ ಮಕ್ಕಳಾದರೂ ಈ ಲಾಭನಷ್ಟದ ಪಟ್ಟಿ ಬರೆಯಬಹುದಿತ್ತು.

ನಿಜವಾದ ವಿಮಾನವೇ ಬೇಕೆಂದು ಹಟ ಹಿಡಿಯುವವರಿಗೆ 2025ರ ಡಿಸೆಂಬರ್ 25ರಿಂದ ನವಿ ಮುಂಬಯಿ ವಿಮಾನ ನಿಲ್ದಾಣ ಇದೆ. ಠಾಕುರ್ಲಿಯಿಂದ ದಕ್ಷಿಣಕ್ಕೆ ನೇರ ಗೆರೆ ಎಳೆದರೆ ಸುಮಾರು 26 ಕಿ.ಮೀ. ಆದರೆ ನೇರ ಗೆರೆಯ ಮೇಲೆ ಲೋಕಲ್ ಓಡುವುದಿಲ್ಲ. ದಕ್ಷಿಣದ ನಿಲ್ದಾಣಕ್ಕೆ ಹೊರಟವರು ಮೊದಲು ಪಶ್ಚಿಮಕ್ಕೆ ಥಾಣೆಯತ್ತ ಸಾಗಿ, ಅಲ್ಲಿ ಸೇತುವೆ ಏರಿಳಿದು ಪನ್ವೆಲ್ ಗಾಡಿ ಹಿಡಿಯಬೇಕು. ರಸ್ತೆಯೇ ಮೇಲೆನ್ನುವವರಿಗೆ ದಾರಿಯಲ್ಲಿ ಶಿಳ್‌ಫಾಟಾ ಇದೆ. ಅಲ್ಲಿನ ಟ್ರಾಫಿಕ್ಕಿಗೆ ಅನ್ವಯಿಸುವ ಸೂತ್ರ ಇನ್ನೂ ಹುಟ್ಟಿಲ್ಲ.

ಪ್ರಯಾಣಿಕರಿಗೆ ಸೂಚನೆ: ಡೊಂಬಿವಲಿಗೆ ಪಾಸ್‌ಪೋರ್ಟ್ ಬೇಡ, ಪಾಸ್ ಸಾಕು. ಬೆನ್ನಿನ ಬ್ಯಾಗನ್ನು ಗಾಡಿ ಬರುವ ಮೊದಲೇ ಎದೆಗೆ ತಂದುಕೊಳ್ಳಿ. ಭಾನುವಾರ ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಮೇಲಿನ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ.